ಡ್ರೆಸ್ ವಾಚ್ ಮತ್ತು ಅದರ ಬೆಲ್ಟ್: ಬಿಸಿಲೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಐದು ಸಾವಿರ ರೂಪಾಯಿಯೊಳಗೆ ವಾಚ್ ಕೊಳ್ಳುವವರಿಗೆ, ಮನೆಯಲ್ಲಿರುವ ವಾಚಿಗೆ ಹೊಸ ಬೆಲ್ಟ್ ಹುಡುಕುವವರಿಗೆ ಈ ಪುಟ. ಕಲಬುರಗಿ, ಬೀದರ್, ಯಾದಗಿರಿಯ ಬಿಸಿಲು, ಬೆವರು, ಧೂಳನ್ನು ಲೆಕ್ಕಕ್ಕೆ ಹಿಡಿದೇ ಉತ್ತರ ಬರೆದಿದೆ. ವಾಚ್ ಒಮ್ಮೆ ಕೊಳ್ಳುವ ವಸ್ತು, ಬೆಲ್ಟ್ ಚಪ್ಪಲಿಯ ಹಾಗೆ ಸವೆಯುವ ವಸ್ತು. ಇದನ್ನು ಒಪ್ಪಿಕೊಂಡರೆ ಕೆಳಗಿನ ಅರ್ಧ ಪ್ರಶ್ನೆಗಳು ತಾವಾಗಿ ಹಗುರಾಗುತ್ತವೆ.

ಡ್ರೆಸ್ ವಾಚ್ ಅಂದ್ರ ಏನ್ರಿ? ಬ್ಯಾರೆ ವಾಚಿಗೂ ಇದಕ್ಕೂ ಏನ್ ಫರಕ್ ಅದ?

ತೆಳ್ಳಗಿರಬೇಕು, ಡಯಲ್ ಸರಳ ಇರಬೇಕು, ತುಂಬುತೋಳಿನ ಅಂಗಿಯ ಕಫ್ ಕೆಳಗೆ ಸಿಕ್ಕಿಕೊಳ್ಳದೆ ಜಾರಬೇಕು. ವ್ಯಾಸ 34ರಿಂದ 40 ಮಿ.ಮೀ., ದಪ್ಪ 10 ಮಿ.ಮೀ. ಒಳಗೆ, ಎರಡು ಅಥವಾ ಮೂರು ಮುಳ್ಳು, ಬೇಕಿದ್ದರೆ ತಾರೀಖು. ಇಷ್ಟೇ. ಡಯಲ್ ಸುತ್ತ ತಿರುಗುವ ಬಳೆ, ಒಳಗೆ ಮೂರು ಪುಟ್ಟ ಡಯಲ್, ದಪ್ಪ ರಬ್ಬರ್ ಬೆಲ್ಟ್ ಇದ್ದರೆ ಅದರ ಜಾತಿಯೇ ಬೇರೆ. ಕರಿಕೋಟಿನ ವಕೀಲರಿಗೂ ಶೇರ್ವಾನಿ ತೊಟ್ಟ ಮದುಮಗನಿಗೂ ನೆಹರೂ ಶರ್ಟಿನ ಹಿರಿಯರಿಗೂ ಇದು ಒಪ್ಪುತ್ತದೆ. ಅರ್ಧ ತೋಳಿನ ಅಂಗಿಗೆ ಹಾಕಬಾರದು ಎಂದು ಇಂಟರ್‌ನೆಟ್ಟಿನಲ್ಲಿ ಓದಿದ್ದರೆ ಮರೆತುಬಿಡಿ. ಮೇ ತಿಂಗಳಲ್ಲಿ ಇಲ್ಲಿ ತುಂಬುತೋಳು ತೊಡುವವರು ಎಷ್ಟು ಮಂದಿ?

ಐದು ಸಾವಿರದಾಗ ಯಾವುದು ತಗೋಬೇಕು?

ಟೈಟನ್, ಸೊನಾಟಾ, ಟೈಮೆಕ್ಸ್, ಕ್ಯಾಸಿಯೊ ನಾಲ್ಕರಲ್ಲೂ ಈ ಬೆಲೆಗೆ ಸೆಲ್ಲಿನ ಡ್ರೆಸ್ ವಾಚ್ ಸಿಗುತ್ತವೆ. ಕಂಪನಿಯ ಹೆಸರಿಗಿಂತ ಮೂರು ಸಂಗತಿಗಳನ್ನು ನೋಡಿ ಕೊಳ್ಳಿ.

ಮೊದಲನೆಯದು ಬೆಲ್ಟ್ ಕೂಡುವ ಜಾಗ. ವಾಚಿನ ಮೇಲೆರಡು, ಕೆಳಗೆರಡು ಕೊಂಬುಗಳಿರುತ್ತವೆ. ಅಂಗಡಿಯವರು ಅವನ್ನು ಲಗ್ ಎನ್ನುತ್ತಾರೆ. ಎರಡು ಕೊಂಬುಗಳ ನಡುವಿನ ಸಂದು 18 ಅಥವಾ 20 ಮಿ.ಮೀ. ಇದ್ದರೆ ಯಾವ ಊರಿನಲ್ಲೂ ಬೆಲ್ಟ್ ಸಿಗುತ್ತದೆ. 19, 21 ಇದ್ದರೆ ಹುಡುಕಾಟ ಶುರು. ಕೊಂಬುಗಳೇ ಇಲ್ಲದೆ, ಬೆಲ್ಟ್ ವಾಚಿನ ಮೈಯೊಳಗೇ ಸೇರಿಹೋಗಿರುವ ಮಾದರಿಗಳೂ ಇವೆ. ನೋಡಲು ಚೆಂದ. ಆದರೆ ಆ ಬೆಲ್ಟ್ ಹರಿದ ದಿನ ಅದೇ ಕಂಪನಿಯ ಅದೇ ಮಾದರಿಯ ಬೆಲ್ಟ್ ಸಿಗದಿದ್ದರೆ ವಾಚ್ ಪೆಟ್ಟಿಗೆ ಸೇರುತ್ತದೆ. ಬೇಡ.

ಎರಡನೆಯದು ಹಿಂಬದಿಯ ಬರಹ. ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದಿದ್ದರೆ ಹಿಂದಿನ ಮುಚ್ಚಳ ಮಾತ್ರ ಸ್ಟೀಲ್ ಎಂದು ಅರ್ಥ. ಮೈ ಹೆಚ್ಚಾಗಿ ಹಿತ್ತಾಳೆಯಂಥ ಲೋಹ, ಮೇಲೆ ಲೇಪನ. ನಮ್ಮ ಬೆವರಿನ ಉಪ್ಪಿಗೆ ಆ ಲೇಪನ ಮೊದಲು ಕೊಂಬಿನ ಒಳಬದಿಯಲ್ಲಿ, ಆಮೇಲೆ ಅಂಚಿನಲ್ಲಿ ಎದ್ದು ಕೆಳಗಿನ ಲೋಹ ಕಾಣುತ್ತದೆ. ‘ಆಲ್ ಸ್ಟೇನ್‌ಲೆಸ್ ಸ್ಟೀಲ್’ ಎಂದು ಇದ್ದರೆ ಇನ್ನೂ ಐನೂರು ರೂಪಾಯಿ ಹೆಚ್ಚಾದರೂ ಅದನ್ನೇ ಆರಿಸಿ. ಚಿನ್ನದ ಬಣ್ಣದ್ದೇ ಬೇಕು ಎನ್ನುವವರಿಗೂ ಇದೇ ಎಚ್ಚರಿಕೆ: ಆ ಬಣ್ಣ ಲೇಪನವೇ. ದಿನಬಳಕೆಗೆ ಬಿಳಿ ಸ್ಟೀಲ್, ಸಮಾರಂಭಕ್ಕಷ್ಟೇ ಚಿನ್ನದ ಬಣ್ಣ.

ಮೂರನೆಯದು ದಪ್ಪ. ಅಂಗಡಿಯಲ್ಲಿ ಹಾಕಿ ನೋಡುವಾಗ ತುಂಬುತೋಳಿನ ಅಂಗಿ ತೊಟ್ಟು ಹೋಗಿ.

ಸೆಲ್ಲಿಂದೋ, ಕೀ ಕೊಡೋದೋ, ಆಟೋಮ್ಯಾಟಿಕ್ಕೋ?

ಮೊದಲ ವಾಚಾಗಿದ್ದರೆ ಸೆಲ್ಲಿನದೇ. ತಿಂಗಳಿಗೆ 15-20 ಸೆಕೆಂಡಿನಷ್ಟೇ ಹಿಂದುಮುಂದಾಗುತ್ತದೆ, ತೆಳ್ಳಗಿರುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಸೆಲ್ ಬದಲಿಸಿದರಾಯಿತು. ಕಡಿಮೆ ಬೆಲೆಯ ಆಟೋಮ್ಯಾಟಿಕ್, ಅಂದರೆ ಕೈ ಆಡಿದಂತೆ ತಾನೇ ಕೀ ಕೊಟ್ಟುಕೊಳ್ಳುವ ವಾಚ್, ದಿನಕ್ಕೇ ಅಷ್ಟು ಹೆಚ್ಚುಕಡಿಮೆ ಮಾಡಬಲ್ಲದು. ಸೀಕೊ ಕಂಪನಿ ತನ್ನ 7ಎಸ್26 ಯಂತ್ರಕ್ಕೆ ಹೇಳುವ ಮಿತಿಯೇ ದಿನಕ್ಕೆ 45 ಸೆಕೆಂಡ್ ಮುಂದೆ, 35 ಸೆಕೆಂಡ್ ಹಿಂದೆ. ಅದು ಕೆಟ್ಟಿಲ್ಲ, ಅದರ ಸ್ವಭಾವವೇ ಅಷ್ಟು.

ಕೀ ಕೊಡುವ ವಾಚಿನ ಸುಖ ಬೇರೆ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿ, ಗುಂಡಿಯನ್ನು 20ರಿಂದ 30 ಸುತ್ತು ತಿರುಗಿಸಿ. ಬಿಗಿ ಬಂದ ಕೂಡಲೇ ನಿಲ್ಲಿಸಿ. ಕೈಯಲ್ಲಿದ್ದಾಗಲೇ ಕೀ ಕೊಟ್ಟರೆ ಗುಂಡಿಯ ಕಡ್ಡಿ ಓರೆಯಾಗಿ ಎಳೆದು ಸವೆಯುತ್ತದೆ, ಒಂದು ದಿನ ಮುರಿಯುತ್ತದೆ. ತಾರೀಖಿರುವ ವಾಚ್ ಯಾವುದೇ ಆಗಲಿ, ರಾತ್ರಿ 9ರಿಂದ ಬೆಳಗಿನ ಜಾವ 3ರ ನಡುವೆ ತಾರೀಖನ್ನು ಕೈಯಿಂದ ಬದಲಿಸಬೇಡಿ. ಆ ಹೊತ್ತಿಗೆ ಒಳಗಿನ ಹಲ್ಲುಗಾಲಿ ತಾನೇ ತಾರೀಖನ್ನು ತಳ್ಳುತ್ತಿರುತ್ತದೆ. ನೀವೂ ತಳ್ಳಿದರೆ ಹಲ್ಲು ಮುರಿಯುತ್ತದೆ.

ಆನ್‌ಲೈನ್‌ನಾಗ ಎಚ್‌ಎಂಟಿ ಜನತಾ ಹೊಸದರಂಗ ಹೊಳೀತದ. ತಗೋಬಹುದಾ?

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚ್ ತಯಾರಿಕೆ ಶುರುಮಾಡಿತು; ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು. ಹಾಗಾಗಿ ಸಾವಿರ ರೂಪಾಯಿಗೆ ಸಿಗುವ ಗಿಳಿಹಸಿರು, ಕೇಸರಿ, ತಿಳಿನೀಲಿ ಡಯಲಿನ ‘ಹೊಸ’ ಜನತಾ ಬಹುಪಾಲು ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂಡಿಸಿದ್ದು. ಫೋಟೋ ದೊಡ್ಡದು ಮಾಡಿ ನೋಡಿ: ಅಕ್ಷರದ ಅಂಚು ಹರಡಿದೆಯೇ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ನೇರ ಇವೆಯೇ, ಮುಳ್ಳುಗಳು ಗೆರೆಯನ್ನು ಮುಟ್ಟುತ್ತವೆಯೇ ಅಥವಾ ಗಿಡ್ಡವಾಗಿ ನಿಂತಿವೆಯೇ.

ನಮ್ಮ ಮಾತು ಕೇಳಿದರೆ, ಮೊದಲು ನಿಮ್ಮ ಮನೆಯ ಟ್ರಂಕು ತೆಗೆದು ನೋಡಿ. ಅಜ್ಜನೋ ದೊಡ್ಡಪ್ಪನೋ ನಿವೃತ್ತಿಯಾದಾಗ ಬಂದ ಎಚ್‌ಎಂಟಿ ಅಲ್ಲಿರುವ ಸಾಧ್ಯತೆ ಕಡಿಮೆಯೇನಲ್ಲ. ವರ್ಷಗಟ್ಟಲೆ ನಿಂತ ವಾಚಿಗೆ ಕೀ ಕೊಟ್ಟು ಓಡಿಸಲು ಹೋಗಬೇಡಿ. ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ, ಒಣಗಿದ ಯಂತ್ರ ಓಡಿದರೆ ಸವೆಯುತ್ತದೆ. ರಿಪೇರಿಯವರಲ್ಲಿ ಪೂರ್ತಿ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿ. ಆಮೇಲೆ ನಾಲ್ಕೈದು ವರ್ಷಕ್ಕೊಮ್ಮೆ ಇದೇ ಕೆಲಸ. ಜನತಾದ ಬೆಲ್ಟಿನ ಅಳತೆ 18 ಮಿ.ಮೀ.

ನನ್ನ ಮಣಿಕಟ್ಟು ಸಣ್ಣದದ. ಎಷ್ಟು ದೊಡ್ಡ ವಾಚ್ ಒಪ್ತದ?

ದಾರವನ್ನು ಮಣಿಕಟ್ಟಿಗೆ ಸುತ್ತಿ ಸ್ಕೇಲಿನ ಮೇಲಿಡಿ. 15-16 ಸೆಂ.ಮೀ. ಇದ್ದರೆ 34ರಿಂದ 37 ಮಿ.ಮೀ. ವಾಚ್, 17-18 ಇದ್ದರೆ 38-40. ಇದಕ್ಕಿಂತ ಮುಖ್ಯವಾದದ್ದು ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದ. ಅದು ಮಣಿಕಟ್ಟಿನ ಚಪ್ಪಟೆ ಭಾಗವನ್ನು ಮೀರಿ ಆಚೆ ಚಾಚಬಾರದು. ಚಾಚಿದರೆ ಬೆಲ್ಟ್ ನೇರ ಕೆಳಗಿಳಿದು ಎರಡೂ ಬದಿ ಸಂದು ಕಾಣುತ್ತದೆ. ಆಗ ಎಂಥ ಬೆಲೆಯ ವಾಚೂ ಅಣ್ಣನದನ್ನು ತಮ್ಮ ಕಟ್ಟಿಕೊಂಡ ಹಾಗೆ ಕಾಣುತ್ತದೆ.

ಬೆಲ್ಟಿನ ಅಗಲ ಮನ್ಯಾಗೇ ಹ್ಯಾಂಗ ಅಳೀಬೇಕು?

ಹಳೆಯ ಬೆಲ್ಟನ್ನು ಅಳೆಯಬೇಡಿ. ಚರ್ಮ ಒತ್ತಿಕೊಂಡು ಕಿರಿದಾಗಿರುತ್ತದೆ, ಬಕಲ್ ಕಡೆಗಂತೂ 2-4 ಮಿ.ಮೀ. ಸಣ್ಣದಿರುತ್ತದೆ. ಬೆಲ್ಟ್ ಬಿಚ್ಚಿ ಎರಡು ಕೊಂಬುಗಳ ಒಳಬದಿಯ ನಡುವೆ ಸ್ಕೇಲ್ ಹಿಡಿಯಿರಿ.

ಸ್ಕೇಲ್ ಸಿಗದಿದ್ದರೆ ನಾಣ್ಯ ಸಾಕು. 2019ರ ಸರಣಿಯ, ತೆನೆಯ ಚಿತ್ರವಿರುವ ಒಂದು ರೂಪಾಯಿಯ ವ್ಯಾಸ 20 ಮಿ.ಮೀ.; ಅದಕ್ಕಿಂತ ಹಿಂದಿನ, 2011ರ ಸರಣಿಯ ಒಂದು ರೂಪಾಯಿ ಸುಮಾರು 22 ಮಿ.ಮೀ. ಬೆಲ್ಟನ್ನು ಕೊಂಬುಗಳ ನಡುವೆ ಹಿಡಿದಿಡುವ ಪಿನ್ ತೆಗೆದ ಮೇಲೆ ಹುಂಡಿಗೆ ಕಾಸು ಹಾಕುವ ಹಾಗೆ ನಾಣ್ಯವನ್ನು ನಿಲ್ಲಿಸಿ ಕೊಂಬುಗಳ ನಡುವೆ ಇಳಿಸಿ. ಹೊಸ ರೂಪಾಯಿ ಬಿಗಿಯಾಗಿ ಹಾದರೆ 20, ಹೋಗದಿದ್ದರೆ 18 ಅಥವಾ 19, ಹಳೆಯದೂ ಹಾದರೆ 22. ಒತ್ತಿ ತೂರಿಸಬೇಡಿ, ಗೀರು ಬೀಳುತ್ತದೆ.

ನಂದು 21 ಅದ. 20ರ ಬೆಲ್ಟ್ ಹಾಕಿದ್ರ ನಡೀತದಾ?

ನಡೆಯುತ್ತದೆ, ಆದರೆ ಎರಡೂ ಬದಿ ಅರ್ಧರ್ಧ ಮಿ.ಮೀ. ಪಿನ್ ಕಾಣುತ್ತದೆ, ಬೆಲ್ಟ್ ಅತ್ತಿತ್ತ ಜಾರುತ್ತದೆ. ಓರಿಯಂಟ್ ಬಾಂಬಿನೊದ ಕೆಲವು ಮಾದರಿಗಳವರಿಗೆ ಈ ಗೋಳು ಗೊತ್ತು. 20ರ ಬೆಲ್ಟ್ ಹಾಕಿದರೂ ಪಿನ್ ಮಾತ್ರ 21ರದ್ದೇ ಇರಲಿ. 20ರ ಪಿನ್ ಹಾಕಿದರೆ ಅದರ ತುದಿ ತೂತಿನಲ್ಲಿ ಅರ್ಧ ಕೂತು, ಬಸ್ಸು ಹತ್ತುವಾಗ ಜಾರಿಬಿಡುತ್ತದೆ. 19ರ ವಾಚಿಗೆ ಮೆತ್ತನೆಯ 20ರ ಚರ್ಮ ಒತ್ತಿ ಕೂರಿಸಬಹುದು. ಬ್ಲೇಡಿನಿಂದ ಅಂಚು ಕೊಯ್ದರೆ ಅಂಚಿನ ಬಣ್ಣದ ಮುದ್ರೆ ಒಡೆದು ಅಲ್ಲಿಂದಲೇ ಬೆವರು ಒಳಗೆ ಹೋಗುತ್ತದೆ, ಪದರ ಬಿಡುತ್ತದೆ.

ಬೆಲ್ಟಿನ ಉದ್ದಕ್ಕೂ ಅಳತಿ ಇರ್ತದಾ?

ಇರುತ್ತದೆ, ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ ಅಷ್ಟೆ. ಸಾಮಾನ್ಯ ಬೆಲ್ಟ್ 115/75: ತೂತುಗಳ ತುಂಡು 115 ಮಿ.ಮೀ., ಬಕಲ್ ತುಂಡು 75. ಮಣಿಕಟ್ಟು 19 ಸೆಂ.ಮೀ. ದಾಟಿದವರು ಉದ್ದನೆಯದು ಕೇಳಬೇಕು, 130/80ರ ಆಸುಪಾಸು. ಬಕಲ್ ಮಣಿಕಟ್ಟಿನ ಕೆಳಗೆ ನಟ್ಟನಡುವೆ ಕೂತು, ಅದರ ಮುಳ್ಳು ನಡುವಿನ ತೂತಿಗೆ ಬಿದ್ದರೆ ಅಳತೆ ಸರಿ. ಹೆಚ್ಚಿನ ತೂತು ಬೇಕಾದರೆ ಚಪ್ಪಲಿ ಹೊಲಿಯುವವರ ಬಳಿ ಪಂಚ್ ಇರುತ್ತದೆ, 2 ಮಿ.ಮೀ. ತೂತು ಹಾಕಿಸಿ. ಮೊಳೆ ಹೊಡೆದು ಮಾಡಿದ ತೂತು ಸೀಳುತ್ತಾ ಪಕ್ಕದ ತೂತನ್ನು ಕೂಡುತ್ತದೆ.

ಬ್ಯಾಸಗ್ಯಾಗ ಯಾವ ಬೆಲ್ಟ್ ಛಲೋ?

ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಚರ್ಮ ಬೆವರನ್ನು ಹೀರುತ್ತದೆ, ನೀರು ಆರುತ್ತದೆ, ಉಪ್ಪು ಒಳಗೇ ಉಳಿಯುತ್ತದೆ. ದಿನಾ ಹೀಗಾದರೆ ಚರ್ಮದೊಳಗಿನ ಜಿಡ್ಡು ಹೋಗಿ ಗಡಸಾಗುತ್ತದೆ, ಮಡಿಕೆಯಲ್ಲಿ ಬಿರಿಯುತ್ತದೆ, ಹೊಲಿಗೆಯ ದಾರ ಕೊಳೆಯುತ್ತದೆ. ಮೊದಲು ಸೋಲುವುದು ಬಕಲ್ ಬಳಿಯ ಮಡಿಕೆ, ಆಮೇಲೆ ದಿನಾ ಬಳಸುವ ಆ ಒಂದು ತೂತು.

ಬೇಸಿಗೆಗೆ ನಾವು ಮೊದಲು ಹೇಳುವುದು ಪರ್ಲಾನ್, ಅಂದರೆ ನೈಲಾನ್ ಎಳೆಗಳ ಹೆಣಿಗೆಯ ತೆಳು ಬೆಲ್ಟ್. ಗಾಳಿ ಆಡುತ್ತದೆ, ತೂತುಗಳಿಲ್ಲದೆ ಹೆಣಿಗೆಯಲ್ಲೇ ಮುಳ್ಳು ಚುಚ್ಚುವುದರಿಂದ ಯಾವ ಅಳತೆಗೂ ಕೂರುತ್ತದೆ. ಸಾಬೂನು ನೀರಿನಲ್ಲಿ ತೊಳೆದು ಒಣಹಾಕಿದರೆ ಬೇಗ ಆರುತ್ತದೆ. ಕಪ್ಪು ಅಥವಾ ಬೂದು ಬಣ್ಣದ ಪರ್ಲಾನ್ ಡ್ರೆಸ್ ವಾಚಿನ ಮರ್ಯಾದೆ ಕಳೆಯುವುದಿಲ್ಲ. ಎರಡನೆಯದು ಸ್ಟೀಲಿನ ಜಾಲರಿ ಬೆಲ್ಟ್. ತೊಳೆದರೆ ಹೊಸದು. ಅಗ್ಗದ್ದರಲ್ಲಿ ಜಾಲರಿಯ ಅಂಚು ಒರಟಾಗಿದ್ದು ಕೈಕೂದಲು ಕೀಳುತ್ತದೆ. ಕೊಳ್ಳುವ ಮುನ್ನ ಮುಂಗೈ ಮೇಲೆ ಎಳೆದು ನೋಡಿ.

ವಾಚಿನ ಕೆಳಗಿನಿಂದ ಹಾದುಹೋಗುವ ಒಂದೇ ತುಂಡಿನ ದಪ್ಪ ನೈಲಾನ್ ಪಟ್ಟಿಯನ್ನು ಹಾಕಬೇಡಿ. ವಾಚ್ ಒಂದೆರಡು ಮಿ.ಮೀ. ಮೇಲೇಳುತ್ತದೆ, ತೆಳ್ಳಗಿನ ವಾಚ್ ಕೊಂಡದ್ದೇ ದಂಡ. ಸಿಲಿಕೋನ್ ಬೆಲ್ಟ್ ಬೆವರಿಗೆ ಹೆದರುವುದಿಲ್ಲ, ಆದರೆ ಧೂಳನ್ನು ಅಯಸ್ಕಾಂತದ ಹಾಗೆ ಹಿಡಿಯುತ್ತದೆ. ಕೆಳಗೆ ಬೆವರು ನಿಂತು ಚರ್ಮ ಬೆಂದ ಹಾಗೆ ಬೆಳ್ಳಗಾಗುತ್ತದೆ.

ನೂರು ನೂರೈವತ್ತು ರೂಪಾಯಿಯ ‘ಲೆದರ್’ ಬೆಲ್ಟ್ ಸಾಮಾನ್ಯವಾಗಿ ಬಟ್ಟೆಯ ಮೇಲೆ ಪಿಯು ಪ್ಲಾಸ್ಟಿಕ್ ಹಚ್ಚಿದ್ದು. ಶಾಖ, ತೇವ, ಬೆವರು ಸೇರಿ ಆ ಪ್ಲಾಸ್ಟಿಕ್ ರಾಸಾಯನಿಕವಾಗಿ ಮುರಿಯುತ್ತದೆ, ಹಪ್ಪಳದ ಹಾಗೆ ಸಿಪ್ಪೆ ಏಳುತ್ತದೆ. ಹಾಕದೆ ಡಬ್ಬಿಯಲ್ಲಿ ಇಟ್ಟರೂ ಏಳುತ್ತದೆ. ಹಾಗಾಗಿ ‘ಮದುವೆಗೆ ಇರಲಿ’ ಎಂದು ಮುಂಚೆಯೇ ಕೊಂಡಿಡುವ ವಸ್ತು ಇದಲ್ಲ.

ಚರ್ಮವೇ ಬೇಕೆನ್ನುವವರು ಎರಡು ಬೆಲ್ಟ್ ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಿಸಿ. ಒಳಬದಿಗೆ ನೀರು ಹೀರದ ಅಸ್ತರು ಇರುವುದನ್ನು ಕೇಳಿ. ಇನ್ನೊಂದು ದಾರಿ ಅಸ್ತರೇ ಇಲ್ಲದ, ಒಂದೇ ಪದರದ ದಪ್ಪ ಚರ್ಮ. ಪದರವೇ ಇಲ್ಲದ ಮೇಲೆ ಪದರ ಬಿಡುವ ಮಾತೂ ಇಲ್ಲ. ಬೆಲ್ಟನ್ನು ಒಂದು ತೂತು ಸಡಿಲ ಕಟ್ಟಿ, ಸಂಜೆ ಹೊತ್ತಿಗೆ ಕೈ ಊದಿಕೊಳ್ಳುತ್ತದೆ.

‘ಜೆನ್ಯೂನ್ ಲೆದರ್’ ಅಂತ ಬರದದ. ಖರೇ ಚರ್ಮ ಏನು?

ಚರ್ಮವಿರಬಹುದು, ಒಳ್ಳೆಯದೇ ಎಂದಲ್ಲ. ತೊಗಲಿನ ಮೇಲ್ಪದರ ತೆಗೆದ ಮೇಲೆ ಉಳಿಯುವ ಕೆಳಪದರಕ್ಕೆ ಬಣ್ಣ ಬಳಿದು ಅಚ್ಚೊತ್ತಿದ್ದಕ್ಕೂ ಆ ಹೆಸರು ಹಾಕುತ್ತಾರೆ. ‘ಫುಲ್ ಗ್ರೇನ್’ ಎಂದರೆ ಮೇಲ್ಪದರ ಇದ್ದ ಹಾಗೇ ಇದೆ ಎಂದು; ಬಾಳಿಕೆ ಅಲ್ಲಿದೆ. ಮೊಸಳೆ ಚರ್ಮದ ಚೌಕಗಳು ಕಂಡರೆ ಅದು ಸಾಮಾನ್ಯವಾಗಿ ಎಮ್ಮೆ ಅಥವಾ ದನದ ಚರ್ಮದ ಮೇಲಿನ ಅಚ್ಚು. ಪರೀಕ್ಷೆಗೆ ತೂತಿನ ಒಳಗಂಚು ನೋಡಿ: ನಾರು ನಾರಾಗಿ ಕಂಡರೆ ಚರ್ಮ, ನುಣ್ಣಗೆ ಬಿಳಿ ಬಟ್ಟೆಯ ಎಳೆ ಕಂಡರೆ ಪ್ಲಾಸ್ಟಿಕ್. ಬೆರಳಿನಿಂದ ಮಡಚಿದಾಗ ಚರ್ಮದ ಮೇಲೆ ಸಣ್ಣ ಸುಕ್ಕುಗಳು ಹರಡುತ್ತವೆ. ಪ್ಲಾಸ್ಟಿಕ್ ಒಂದೇ ಗೆರೆಯಾಗಿ ಮಡಚುತ್ತದೆ. ಕಡ್ಡಿ ಗೀರಿ ಸುಟ್ಟು ನೋಡುವುದು ಬೇಡ, ಅಂಗಡಿಯವರು ಬೈಯುತ್ತಾರೆ.

ಯಾವ ಪ್ರಾಣಿದು ಅಂತ ಗೊತ್ತಾಗ್ತದಾ? ಚರ್ಮನೇ ಬ್ಯಾಡ ಅಂದ್ರ?

ಕೇಳಲು ಸಂಕೋಚ ಬೇಡ, ನಮ್ಮ ಕಡೆ ಇದು ದಿನನಿತ್ಯದ ಪ್ರಶ್ನೆ. ಕೆಲವು ಬೆಲ್ಟುಗಳ ಒಳ ಅಸ್ತರಿಗೆ ಹಂದಿ ಚರ್ಮ ಬಳಸುತ್ತಾರೆ. ಅದರ ಕೂದಲಿನ ರಂಧ್ರಗಳು ಮೂರು ಮೂರರ ಗುಂಪಾಗಿ ಕಾಣುತ್ತವೆ. ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಆದರೆ ಅಚ್ಚೊತ್ತಿ ಬಣ್ಣ ಬಳಿದ ಮೇಲೆ ಗುರುತು ಅಳಿಸಿಹೋಗಿರಬಹುದು, ಹಾಗಾಗಿ ಪೊಟ್ಟಣದ ಮೇಲೆ ಅಸ್ತರು ಯಾವುದೆಂದು ಬರೆದಿರದಿದ್ದರೆ ಬಿಟ್ಟುಬಿಡಿ. ಚರ್ಮವೇ ಬೇಡ ಎನ್ನುವವರಿಗೆ, ದೇವಸ್ಥಾನಕ್ಕೆ ಹೋಗಿಬರುವಾಗ ಬಿಚ್ಚಿಡುವ ರಗಳೆ ಬೇಡ ಎನ್ನುವವರಿಗೆ ಪರ್ಲಾನ್ ಅಥವಾ ಸ್ಟೀಲ್ ಜಾಲರಿ.

ಬಣ್ಣ ಯಾವುದು?

ಶೂ ಮತ್ತು ಸೊಂಟದ ಬೆಲ್ಟ್ ಯಾವ ಬಣ್ಣವೋ ವಾಚಿನದ್ದೂ ಅದರ ಹತ್ತಿರದ್ದು. ಬಿಳಿ ಲೋಹಕ್ಕೆ ಕಪ್ಪು, ಚಿನ್ನದ ಬಣ್ಣಕ್ಕೆ ಕಂದು. ಬಕಲ್ ಲೋಹವೂ ವಾಚಿನ ಲೋಹವೂ ಒಂದೇ ಬಣ್ಣ ಇರಲಿ. ಬೀದರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಬಿದ್ರಿ ಕಫ್‌ಲಿಂಕ್ ಅಥವಾ ಉಂಗುರ ಇದ್ದರೆ ಆ ಕಪ್ಪು ಸತುವಿನ ಮೇಲಿನ ಬೆಳ್ಳಿ ಗೆರೆಗೆ ಕಪ್ಪು ಬೆಲ್ಟಿನ ಸ್ಟೀಲ್ ವಾಚಿಗಿಂತ ಸರಿಜೋಡಿ ಇನ್ನೊಂದಿಲ್ಲ.

ಹಾಕುವ ಮುನ್ನ ಒದ್ದೆ ಬಿಳಿ ಬಟ್ಟೆಯಿಂದ ಬೆಲ್ಟಿನ ಒಳಬದಿಯನ್ನು ಹತ್ತು ಸಲ ಉಜ್ಜಿ. ಬಣ್ಣ ಬಿಟ್ಟರೆ ಅದು ಬೆವರಿಗೂ ಬಿಡುತ್ತದೆ, ಬಿಳಿ ಕಫ್ ಹಾಳು. ತಿಳಿಗಂದು ಚರ್ಮ ಕಟ್ಟಿಕೊಂಡು ಅರಿಷಿಣದ ಶಾಸ್ತ್ರಕ್ಕೆ ಕೂರಬೇಡಿ; ಅರಿಷಿಣದ ಕಲೆ ಹೋಗುವುದಿಲ್ಲ.

ಬೆಲ್ಟ್ ಮನ್ಯಾಗೇ ಬದಲು ಮಾಡೋದು ಹ್ಯಾಂಗ?

ಬೇಕಾದದ್ದು ಸ್ಪ್ರಿಂಗ್ ಪಿನ್ ತೆಗೆಯುವ ಟೂಲ್, ಆನ್‌ಲೈನಿನಲ್ಲಿ ನೂರು ಇನ್ನೂರು ರೂಪಾಯಿಗೆ ಬರುತ್ತದೆ. ಒಂದು ತುದಿ ಕವಲಿನಂತೆ ಸೀಳಿರುತ್ತದೆ, ಇನ್ನೊಂದು ಸೂಜಿಯಂತಿರುತ್ತದೆ.

1. ಅಂಚಿರುವ ಸ್ಟೀಲ್ ತಾಟಿನಲ್ಲಿ ಮೆತ್ತನೆ ಬಟ್ಟೆ ಹಾಸಿ, ವಾಚನ್ನು ಮುಖ ಕೆಳಗೆ ಮಾಡಿ ಇಡಿ. ಪಿನ್ ಹಾರಿದರೆ ತಾಟಿನೊಳಗೇ ಬೀಳಲಿ. ಫ್ಯಾನ್ ಇರಲಿ, ದೀಪ ಚೆನ್ನಾಗಿರಲಿ.
2. ಕೊಂಬುಗಳ ಮೇಲೆ ಸೆಲ್ಲೋಟೇಪ್ ಅಂಟಿಸಿ. ಮೊದಲ ಸಲ ಟೂಲ್ ಜಾರುವುದು ಖಂಡಿತ, ಗೀರು ಟೇಪಿಗೆ ಬೀಳಲಿ.
3. ಬೆಲ್ಟ್ ಮತ್ತು ಕೊಂಬಿನ ನಡುವಿನ ಸಂದಿಗೆ ಕವಲು ತುದಿ ತೂರಿಸಿ. ಪಿನ್ನಿನ ಕೊನೆಯಲ್ಲಿ ಸಣ್ಣ ಏಣು ಇದೆ. ಕವಲನ್ನು ಅದಕ್ಕೆ ಸಿಗಿಸಿ ಪಿನ್ನಿನ ನಡುವಿನ ಕಡೆಗೆ ಒತ್ತಿ, ಅದೇ ಹೊತ್ತಿಗೆ ಬೆಲ್ಟನ್ನು ಮೇಲಕ್ಕೆತ್ತಿ. ಕೊಂಬಿನ ಹೊರಬದಿಯಲ್ಲಿ ತೂತಿದ್ದರೆ ಇನ್ನೂ ಸುಲಭ, ಸೂಜಿ ತುದಿಯಿಂದ ಹೊರಗಿನಿಂದಲೇ ಒತ್ತಿ.
4. ಕೊಂಬಿನ ಒಳಬದಿಯ ಕೊಳೆಯನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ.
5. ಹೊಸ ಬೆಲ್ಟಿಗೆ ಪಿನ್ ಪೋಣಿಸಿ. ಬಕಲ್ ಇರುವ ತುಂಡು 12ರ ಕಡೆಗೆ, ತೂತುಗಳ ತುಂಡು 6ರ ಕಡೆಗೆ.
6. ಪಿನ್ನಿನ ಒಂದು ತುದಿಯನ್ನು ತೂತಿಗೆ ಕೂರಿಸಿ, ಇನ್ನೊಂದನ್ನು ಕವಲಿನಿಂದ ಒತ್ತಿಹಿಡಿದು ಜಾರಿಸಿ. ‘ಟಿಕ್’ ಎಂದರೆ ಕೂತಿತು.
7. ಎರಡೂ ತುಂಡುಗಳನ್ನು ಗಟ್ಟಿಯಾಗಿ ಎಳೆದು, ತಿರುಚಿ ನೋಡಿ. ಈ ಹೆಜ್ಜೆ ಬಿಟ್ಟವರ ವಾಚೇ ನೆಲಕ್ಕೆ ಬೀಳುವುದು.

ಹಳೆಯ ಪಿನ್ ಮತ್ತೆ ಬಳಸಬೇಡಿ. ಹತ್ತಿಪ್ಪತ್ತು ರೂಪಾಯಿಗೆ ಜೋಡಿ ಬರುತ್ತದೆ. ಒಳಗಿನ ಸ್ಪ್ರಿಂಗ್ ಬೆವರಿಗೆ ತುಕ್ಕು ಹಿಡಿದಿರುತ್ತದೆ, ಅದು ಹೊರಗೆ ಕಾಣುವುದಿಲ್ಲ. ಕ್ವಿಕ್ ರಿಲೀಸ್ ಬೆಲ್ಟಾದರೆ ಹಿಂಬದಿಯ ಪುಟ್ಟ ಗುಬಟನ್ನು ಉಗುರಿನಿಂದ ಎಳೆದರಾಯಿತು, ಟೂಲ್ ಬೇಡ. ಎರಡು ಬೆಲ್ಟ್ ಇಟ್ಟುಕೊಂಡು ಬದಲಿಸುವವರು ಇದನ್ನೇ ಕೊಳ್ಳಿ. ತುಂಬ ಹಳೆಯ ಕೆಲವು ವಾಚುಗಳಲ್ಲಿ ಪಿನ್ ಕೊಂಬಿಗೇ ಬೆಸೆದಿರುತ್ತದೆ; ಅದನ್ನು ಕೀಳಲು ಹೋಗಬೇಡಿ, ತುದಿ ತೆರೆದಿರುವ ಬೆಲ್ಟ್ ಹಾಕಿಸಿ.

ಚರ್ಮದ ಬೆಲ್ಟ್ ವಾಸನಿ ಹೊಡೀತದ. ಮಳಿಗಾಲದಾಗ ಬೂಷ್ಟೂ ಹಿಡೀತದ.

ವಾಚಿನಿಂದ ಬಿಚ್ಚಿ. ಒದ್ದೆ ಬಟ್ಟೆಗೆ ಒಂದು ಹನಿ ಮೆದು ಸಾಬೂನು ಹಾಕಿ ಒಳಬದಿ ಒರೆಸಿ, ಇನ್ನೊಂದು ಒದ್ದೆ ಬಟ್ಟೆಯಿಂದ ಸಾಬೂನು ತೆಗೆಯಿರಿ, ಒಂದು ದಿನ ಪೂರ್ತಿ ನೆರಳಿನಲ್ಲಿ ಆರಲಿ. ಬಿಸಿಲಿಗೆ ಹಾಕಿದರೆ ಹಪ್ಪಳ ಒಣಗುತ್ತದೆ, ಚರ್ಮ ಸುರುಟುತ್ತದೆ. ವಾಸನೆ ಹೋಗದಿದ್ದರೆ ಒಳಬದಿಗೆ ಅಡಿಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹಲ್ಲುಜ್ಜುವ ಬ್ರಷ್‌ನಿಂದ ಕೊಡವಿ. ವರ್ಷಕ್ಕೆರಡು ಸಲ ಕಡಲೆಕಾಳಿನಷ್ಟು ಲೆದರ್ ಕಂಡೀಷನರ್ ಸಾಕು. ಕೊಬ್ಬರಿ ಎಣ್ಣೆ ಹಚ್ಚಬೇಡಿ. ಚರ್ಮ ಕಪ್ಪಾಗುತ್ತದೆ, ಅಂಟು ಸಡಿಲುತ್ತದೆ, ಆಮೇಲೆ ಎಣ್ಣೆಯೇ ಕಮಟು ವಾಸನೆ ಹೊಡೆಯುತ್ತದೆ. ಬೂಷ್ಟಿಗೆ: ಒಣ ಬಟ್ಟೆಯಿಂದ ಮನೆಯ ಹೊರಗೆ ಒರೆಸಿ, ಹೊಸ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಡಿ.

ಕೈ ಮ್ಯಾಲೆ ಗುಳ್ಳಿ ಏಳ್ತಾವ.

ಎಲ್ಲಿ ಏಳುತ್ತವೆ ನೋಡಿ. ಬಕಲ್ ತಾಗುವ ಜಾಗದಲ್ಲಷ್ಟೇ ಆದರೆ ಲೋಹದ ನಿಕ್ಕಲ್ ಒಗ್ಗುತ್ತಿಲ್ಲವೆಂದು ಅನುಮಾನಿಸಬಹುದು. ಒಳ್ಳೆಯ ಸ್ಟೀಲ್ ಬಕಲ್ ಹಾಕಿಸಿ. ಬೆಲ್ಟಿನ ಪಟ್ಟಿಯುದ್ದಕ್ಕೂ ಆದರೆ ನಿಂತ ಬೆವರು, ಬಣ್ಣ ಅಥವಾ ಚರ್ಮ ಹದಮಾಡಲು ಬಳಸಿದ ಕ್ರೋಮಿಯಂ ಕಾರಣವಿರಬಹುದು, ಪರ್ಲಾನ್‌ಗೆ ಬದಲಿಸಿ. ಎರಡು ವಾರ ಬಿಚ್ಚಿಟ್ಟರೂ ಹೋಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಸೆಲ್ ಹಾಕಿಸೋವಾಗ ಏನ್ ನೋಡ್ಬೇಕು?

ಸಾಮಾನ್ಯ ಸೆಲ್ಲಿನ ವಾಚುಗಳಲ್ಲಿ ಬಹಳ ಕಾಣುವುದು ಮಿಯೋಟಾ 2035 ಯಂತ್ರ. ಅದಕ್ಕೆ ಎಸ್‌ಆರ್626ಎಸ್‌ಡಬ್ಲ್ಯೂ ಸೆಲ್, ಇದೇ 377 ಎಂಬ ನಂಬರಿನಲ್ಲೂ ಬರುತ್ತದೆ. ‘ಎಸ್‌ಆರ್’ ಎಂದರೆ ಸಿಲ್ವರ್ ಆಕ್ಸೈಡ್. ಅದೇ ಗಾತ್ರದ ‘ಎಲ್‌ಆರ್626’ ಆಲ್ಕಲೈನ್ ಸೆಲ್ ಅಗ್ಗ; ಬೇಗ ಇಳಿಯುತ್ತದೆ, ಸೋರುವ ಅಪಾಯವೂ ಹೆಚ್ಚು, ಸೋರಿದರೆ ಒಳಗಿನ ಸರ್ಕ್ಯೂಟ್ ತಿನ್ನುತ್ತದೆ. ಇಪ್ಪತ್ತು ಮೂವತ್ತು ರೂಪಾಯಿ ಉಳಿಸಲು ಹೋಗಿ ವಾಚ್ ಕಳೆದುಕೊಳ್ಳುವುದು ಹೀಗೆ. ಪೊಟ್ಟಣ ಕಣ್ಣೆದುರು ಒಡೆಯಲಿ. ಮುಚ್ಚಳ ಹಾಕುವಾಗ ರಬ್ಬರ್ ರಿಂಗ್ ಜಾಗದಲ್ಲಿದೆಯೇ ನೋಡಿ.

ಸೆಕೆಂಡ್ ಮುಳ್ಳು ಎರಡು ಅಥವಾ ನಾಲ್ಕು ಸೆಕೆಂಡಿಗೊಮ್ಮೆ ಹಾರಲು ಶುರುಮಾಡಿದರೆ ವಾಚ್ ಕೆಟ್ಟಿಲ್ಲ; ಕೆಲವು ಯಂತ್ರಗಳು ಸೆಲ್ ಮುಗಿಯುತ್ತಿದೆ ಎಂದು ಹೇಳುವ ರೀತಿ ಅದು. ನಿಂತ ವಾಚಿನಲ್ಲಿ ಸತ್ತ ಸೆಲ್ ಬಿಡಬೇಡಿ.

‘30 ಮೀಟರ್ ವಾಟರ್ ರೆಸಿಸ್ಟೆಂಟ್’ ಅದ. ಈಜಬಹುದಲ್ಲ?

ಬೇಡ. ಕೈ ತೊಳೆಯುವಾಗಿನ ಹನಿ, ತುಂತುರು ಮಳೆ, ಅಷ್ಟಕ್ಕೇ. ಬಿಸಿನೀರಿನ ಸ್ನಾನವೂ ಬೇಡ, ಶಾಖಕ್ಕೆ ರಬ್ಬರ್ ರಿಂಗ್ ಸಡಿಲುತ್ತದೆ. ಗಾಜಿನೊಳಗೆ ಹಬೆ ಕಂಡರೆ ಅಕ್ಕಿ ಡಬ್ಬಿಯಲ್ಲಿ ಹೂತಿಡಬೇಡಿ, ಬಿಸಿಲಿಗೂ ಇಡಬೇಡಿ. ಅದೇ ದಿನ ರಿಪೇರಿಯವರಲ್ಲಿ ಮುಚ್ಚಳ ತೆಗೆಸಿ ಒಣಗಿಸಿ, ರಿಂಗ್ ಬದಲಿಸಿ. ತಡವಾದರೆ ಡಯಲ್ ಮೇಲೆ ಕಲೆ, ಮುಳ್ಳಿಗೆ ತುಕ್ಕು.

ಗಾಜಿಗೆ ಗೀರು ಬಿದ್ದದ.

ಎಚ್‌ಎಂಟಿಯಂಥ ಹಳೆಯ ವಾಚಿನ ‘ಗಾಜು’ ನಿಜವಾಗಿ ಆಕ್ರಿಲಿಕ್ ಪ್ಲಾಸ್ಟಿಕ್. ಬಿಳಿ ಟೂತ್‌ಪೇಸ್ಟ್ ಚೂರು ಹಚ್ಚಿ ಹತ್ತಿ ಬಟ್ಟೆಯಿಂದ ಐದು ನಿಮಿಷ ವೃತ್ತಾಕಾರವಾಗಿ ಉಜ್ಜಿದರೆ ಸಣ್ಣ ಗೀರು ಮಾಯ. ಈಗಿನ ಮಿನರಲ್ ಗಾಜಿಗೆ ಈ ಉಪಾಯ ನಡೆಯುವುದಿಲ್ಲ, ಬದಲಿಸಬೇಕು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಅದರ ಪುಡಿ ಗಾಜಿಗಿಂತ ಮೆತ್ತಗೆ. ಗೀರು ಹಾಕುವುದು ಧೂಳಿನಲ್ಲಿರುವ ಮರಳು. ಅದಕ್ಕೇ ಅಂಗಿಯಿಂದ ಉಜ್ಜುವ ಮುನ್ನ ಊದಿ. ಆದರೆ ಅದೇ ಶಹಾಬಾದ್ ಕಲ್ಲಿನ ನೆಲಕ್ಕೆ ಸೊಂಟದೆತ್ತರದಿಂದ ವಾಚ್ ಬಿದ್ದರೆ ಗಾಜು ಉಳಿಯುವುದು ಅದೃಷ್ಟ. ಬೆಲ್ಟ್ ಕಟ್ಟುವುದು ಬಿಚ್ಚುವುದು ಹಾಸಿಗೆಯ ಮೇಲೆ ಆಗಲಿ.

ಬಿಸಿಲಿಗೆ ಟೈಮ್ ತಪ್ತದಂತ, ಖರೇ ಏನು?

ಖರೇ, ಆದರೆ ಸ್ವಲ್ಪ. ಸೆಲ್ಲಿನ ವಾಚಿನೊಳಗೆ ಟೈಮ್ ಲೆಕ್ಕ ಹಿಡಿಯುವ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, 25 ಡಿಗ್ರಿ ಆಸುಪಾಸಿನಲ್ಲಿ ಅದು ಸರಿಯಾಗಿರುತ್ತದೆ. 45 ಡಿಗ್ರಿಯಲ್ಲಿ ದಿನವಿಡೀ ಇಟ್ಟರೆ ಒಂದು ಸೆಕೆಂಡಿನಷ್ಟು ಹಿಂದೆ ಬೀಳುತ್ತದೆ. ಕೈಯಲ್ಲಿದ್ದರೆ ಮೈ ತಂಪೇ ಅದಕ್ಕೂ ತಂಪು. ನಿಜವಾದ ಕೇಡು ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್: ಅಲ್ಲಿ ಸೆಲ್, ಅಂಟು, ಚರ್ಮ ಮೂರೂ ಬೇಯುತ್ತವೆ. ಕೀ ಕೊಡುವ ವಾಚ್ ಇದ್ದಕ್ಕಿದ್ದಂತೆ ದಿನಕ್ಕೆ ಐದಾರು ನಿಮಿಷ ಮುಂದೆ ಓಡಿದರೆ ಬಿಸಿಲಲ್ಲ, ಸ್ಪೀಕರ್ ಅಥವಾ ಪರ್ಸಿನ ಅಯಸ್ಕಾಂತ ತಾಗಿದೆ. ರಿಪೇರಿಯವರು ಒಂದು ನಿಮಿಷದಲ್ಲಿ ಅದನ್ನು ತೆಗೆಯುತ್ತಾರೆ.

ಹೆಣ್ಣುಮಕ್ಕಳ ವಾಚಿಗೆ?

ಬೆಲ್ಟಿನ ಅಗಲ ಸಾಮಾನ್ಯವಾಗಿ 12ರಿಂದ 16 ಮಿ.ಮೀ. ಕೊಂಬು ಕಿರಿದಾದ್ದರಿಂದ ಪಿನ್ನೂ ತೀರ ಸಣ್ಣದು, ಅಂಗಡಿಯಲ್ಲೇ ಹಾಕಿಸಿ. ಬಳೆ ಇರುವ ಕೈಗೆ ಕಟ್ಟಿದರೆ ಗಾಜಿನ ಬಳೆ ವಾಚಿನ ಅಂಚು ಕೆರೆಯುತ್ತದೆ. ಇನ್ನೊಂದು ಕೈಗೆ ಕಟ್ಟಿ.

ಬೆಲ್ಟ್ ಎಲ್ಲಿ ತಗೋಬೇಕು?

ಕಲಬುರಗಿಯವರಿಗೆ ಸೂಪರ್ ಮಾರ್ಕೆಟ್ ಎಂಬ ಪೇಟೆಯೇ ಇದೆ. ಬೀದರ್, ಯಾದಗಿರಿಯಲ್ಲಿ ಹಳೆಯ ರಿಪೇರಿ ಅಂಗಡಿಗಳೇ ಮೊದಲ ಆಯ್ಕೆ. ಹೈದರಾಬಾದಿಗೆ ಹೋಗಿಬರುವವರಿಗೆ ಆಯ್ಕೆ ಇನ್ನೂ ಹೆಚ್ಚು. ವಾಚ್ ಜೊತೆಗೆ ಒಯ್ಯಿರಿ, ‘ಅಂದಾಜು ಇಷ್ಟಗಲ’ ಎಂದು ಬೆರಳು ತೋರಿಸಿ ಕೊಂಡ ಬೆಲ್ಟ್ ಹೊಂದುವುದಿಲ್ಲ. ಪರ್ಲಾನ್ ಊರಲ್ಲಿ ಸಿಗುವುದು ಅಪರೂಪ, ಆನ್‌ಲೈನಿನಲ್ಲಿ ತರಿಸಿ. ಒಳ್ಳೆಯ ಚರ್ಮದ್ದಕ್ಕೆ ಐನೂರರಿಂದ ಸಾವಿರ ರೂಪಾಯಿ ಇಡಿ.

ಅಳಿಯಗ ವಾಚ್ ಕೊಡ್ಬೇಕಾಗ್ಯದ. ಅಳತಿ ಕೇಳಾಕ ಆಗಲ್ಲ, ಏನ್ ಮಾಡೋದು?

38 ಮಿ.ಮೀ. ವಾಚ್, 20 ಮಿ.ಮೀ. ಲಗ್, ಬಿಳಿ ಡಯಲ್, ಪೂರ್ತಿ ಸ್ಟೀಲ್ ಮೈ. ಹೆಚ್ಚಿನವರ ಕೈಗೆ ಒಪ್ಪುತ್ತದೆ. ಕಪ್ಪು ಚರ್ಮದ ಬೆಲ್ಟ್ ಮೇಲೇ ಇರಲಿ, ಡಬ್ಬಿಯೊಳಗೆ ಒಂದು ಪರ್ಲಾನ್ ಮತ್ತು ಎರಡು ಜೋಡಿ ಪಿನ್ ಇಡಿ. ವಾರಂಟಿ ಕಾರ್ಡಿನ ಮೇಲೆ ಅಂಗಡಿಯ ಸೀಲು, ತಾರೀಖು ಬಿದ್ದಿದೆಯೇ ಅಲ್ಲೇ ನೋಡಿ. ಗುಂಡಿಯ ಕೆಳಗೆ ಪ್ಲಾಸ್ಟಿಕ್ ಚೂರು ಸಿಗಿಸಿ ವಾಚ್ ನಿಲ್ಲಿಸಿರುತ್ತಾರೆ. ಕೊಡುವ ಮುಂಚೆ ಅದನ್ನು ತೆಗೆದು, ಟೈಮ್ ಹೊಂದಿಸಿ, ಗುಂಡಿ ಒಳಗೆ ಒತ್ತಿ. ಇಲ್ಲದಿದ್ದರೆ ಮಂಟಪದಲ್ಲಿ ನಿಂತ ವಾಚ್ ಕಟ್ಟಿದಿರಿ ಎಂದು ಬೀಗರು ಆಡಿಕೊಂಡಾರು.